ನೀರು ಸುಡತಾವೇನ್ರಿ?

ಹುಬ್ಬಳ್ಳಿ,
ರವಿವಾರ, ೧೪ ಆಗಸ್ಟ್ ೧೯೩೮

ಪ್ರೀತಿಯ ಮೃಣಾಲಿನಿಗೆ ದಾವಲಬಿಯ ಸಲಾಮು, ಅದರ ಜೊತೆಗೆ ಒಂದಿಷ್ಟು ಸಿಟ್ಟು.

ಸಲಾಮು ಗೆಳತಿಗೆ. ಸಿಟ್ಟು, ಪಂಚಮಿಗೆಂದು ರಜೆ ಕೇಳಿ ಧಾರವಾಡಕ್ಕೆ ಹೋಗಿ ಜೋಕಾಲಿಯಿಂದ ಇಳಿಯುವುದನ್ನೇ ಮರೆತವಳಿಗೆ. ನಿಮ್ಮ ತಾಯಿಯವರು ಕಟ್ಟಿದ ಉಂಡಿಯ ಡಬ್ಬಿ ಬರುತ್ತದೆಂದು ನಾನು ದಾರಿ ಕಾಯುತ್ತಿದ್ದರೆ ಬಂದದ್ದು ಒಂದು ಕಾರ್ಡು. "ಗೊಂಬೆಗೆ ನೋವಾಗುವುದಿಲ್ಲ ದಾವಲಿ, ಮನುಷ್ಯರಿಗೆ ಆಗುತ್ತದೆ. ನನ್ನ ಕೈಯಿಂದ ಯಾರಿಗಾದರೂ ನೋವಾದರೆ ನಾನು ತಡೆಯಲಾರೆ. ವಾರ್ಡೂ ಬೇಡ, ನರ್ಸಿಂಗೂ ಬೇಡ" ಎಂದು ಬರೆದಿದ್ದೆ. ಅಷ್ಟು ಬರೆಯುವವಳು ಉಂಡಿಯನ್ನಾದರೂ ಕಳಿಸಬಹುದಿತ್ತು.

ಕಾರ್ಡು ಬಂದು ವಾರದ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡ. ಪುರುಸೊತ್ತು ಇರಲಿಲ್ಲ ಎಂದು ಹೇಳಬಹುದು, ಆದರೆ ನನ್ನ ಪಕ್ಕದ ಕಾಟಿನಲ್ಲಿ ವರ್ಷವೊಪ್ಪತ್ತು ಮಲಗಿದವಳಿಗೆ ಅಂಥ ಸುಳ್ಳು ದಕ್ಕುವುದಿಲ್ಲ. ನಿಜವೇನೆಂದರೆ, ನೀನು ಬರೆದದ್ದನ್ನೇ ನಾನೂ ಬರೆಯಬಹುದಾಗಿತ್ತು. ನನಗೇ ಓಡಿಹೋಗಬೇಕೆನಿಸುತ್ತಿರುವಾಗ ನಿನಗೆ ಧೈರ್ಯ ಹೇಳಹೊರಟರೆ, ಹೇಳುವುದು ಪುರಾಣ ತಿನ್ನುವುದು ಬದನೆಕಾಯಿ ಎಂಬಂತಾಗುತ್ತಿತ್ತು. ಅದಕ್ಕೇ ಮೊದಲು ವಾರ್ಡಿಗೆ ಹೋಗಿ ಬರೋಣ, ಬದುಕಿ ಬಂದರೆ ಬರೆಯೋಣ ಎಂದುಕೊಂಡೆ. ಬದುಕಿ ಬಂದಿದ್ದೇನೆ. ಸ್ವಲ್ಪದರಲ್ಲಿ ಇನ್ನೊಬ್ಬರನ್ನು ಸಾಯಿಸಿಬಿಡುತ್ತಿದ್ದೆ, ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ನಿನ್ನ ಕಾಟಿನ ಸುದ್ದಿ. ಅದು ಖಾಲಿಯೇ ಇದೆ. ಅಡುಗೆಮನೆಯ ಕರಿ ಬೆಕ್ಕು ಅದನ್ನು ತನ್ನದೆಂದು ತಿಳಿದುಕೊಂಡಿದೆ. ನಿನ್ನ ಬಿಳಿ ಟೊಪ್ಪಿಗೆ ಇಸ್ತ್ರಿಯಾಗಿ ಗೂಟದ ಮೇಲೆ ತೂಗುತ್ತಿದೆ. ಗದಗಿನಿಂದ ಒಬ್ಬ ಹುಡುಗಿ ಸೇರಲು ಬಂದಿದ್ದಾಳೆ, ಜಾಗಕ್ಕಾಗಿ ಕಾಯುತ್ತಿದ್ದಾಳೆ. ಆದರೆ ಗೋದಾಬಾಯಿಯವರು ಕಾಟನ್ನು ಮುಟ್ಟಗೊಟ್ಟಿಲ್ಲ. "ನಾಳಿ ಸೋಮವಾರ ಬಿಟ್ಟು ಮುಂದಿನ ಸೋಮವಾರದ ಮಟಾ ಆಕಿ ಹಾದಿ ನೋಡ್ತೇನಿ. ಅವತ್ತ ಮುಂಜಾನಿ ಹಾಜರಿಗೆ ಬರಲಿಲ್ಲಂದ್ರ ಗದಗಿನ ಹುಡುಗಿ ಹಾಸಿಗಿ ಹಾಸಿಕೊಳ್ಳಲಿ" ಎಂದಿದ್ದಾರೆ. ನಮಗೆ ಪಾಠ ಹೇಳಿಕೊಡುವಾಗ ಕಣ್ಣು ಕೆಂಪಗೆ ಮಾಡುವ ಗೋದಾಬಾಯಿಯವರು ಯಾರ ಹಾದಿಯನ್ನಾದರೂ ನೋಡಿದ್ದನ್ನು ನೀನು ಕೇಳಿದ್ದೀಯಾ? ನಾನಂತೂ ಕೇಳಿರಲಿಲ್ಲ. ಹೀಗಾಗಿ ನಿನಗಿರುವುದು ಒಂದೇ ವಾರ, ಮೃಣಾಲಿ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಇನ್ನು ನಮ್ಮ ಗುಡ್ಡವ್ವನ ಸುದ್ದಿ. ನೀನು ಹೋದ ಮಾರನೆಯ ದಿನವೇ ಪಾಪ, ಅವಳ ಹೊಟ್ಟೆ ಬಿಚ್ಚಿಹೋಯಿತು. ರೋಗಿಯನ್ನು ಮಗ್ಗುಲಾಗಿ ಹೊರಳಿಸುವ ಪಾಠ ನಡೆದಿತ್ತು. ಆ ಕಡೆಯಿಂದ ಲಕಮನಹಳ್ಳಿಯ ಹುಡುಗಿ, ಈ ಕಡೆಯಿಂದ ನಾನು, ಇಬ್ಬರೂ ಹೆದರಿಕೊಂಡು ಒಮ್ಮೆಲೇ ಜಗ್ಗಿದೆವು. ದಿನಾ ನಮ್ಮ ಪಾಠಕ್ಕೆ ಮೈಕೊಟ್ಟ ಅರಿವೆಯ ಗೊಂಬೆ ಎಷ್ಟು ತಡೆದೀತು? ಹೊಲಿಗೆ ಹರಿದು ಒಳಗಿನ ಹುಲ್ಲೆಲ್ಲ ನೆಲದ ಮೇಲೆ. ಗೋದಾಬಾಯಿಯವರು "ಜೀವಂತ ರೋಗಿ ಆಗಿದ್ರ ನಿಮ್ಮಿಬ್ಬರನೂ ಜೇಲಿಗೆ ಹಾಕ್ತಿದ್ರು" ಎಂದು ಬೈದು ನಮ್ಮ ಅಪ್ಪನಿಗೆ ಹೇಳಿಕಳಿಸಿದರು.

ಅಪ್ಪ ಬೈರಿದೇವರಕೊಪ್ಪದಿಂದ ಬಂದ. ಪಿಂಜಾರ ಬಡೇಸಾಬ ಗಾದಿ ತುಂಬಲು ಕರೆದರೆ ಎಲ್ಲಿಗೂ ಹೋಗುತ್ತಾನೆ, ಆದರೆ ಹೆಂಗಸೊಬ್ಬಳ ಹೊಟ್ಟೆ ತುಂಬಲು ಕರೆದದ್ದು ಇದೇ ಮೊದಲು. ಗುಡ್ಡವ್ವನನ್ನು ಆಚೆ ಈಚೆ ತಿರುಗಿಸಿ ನೋಡಿ, "ಏನ್ರೀ ಅಕ್ಕಾರ, ಬರೇ ಹುಲ್ಲು ತುಂಬ್ಯಾರಲ್ರೀ. ಹಗಲೆಲ್ಲಾ ಮಲಗಿದಾಕಿಗೆ ಬೆನ್ನು ಚುಚ್ಚಂಗಿಲ್ಲೇನ್ರಿ?" ಎಂದ. ಗೋದಾಬಾಯಿಯವರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಅಪ್ಪ ಅವಳಿಗೊಂದು ಚಾದರ ಹೊದಿಸಿ ಹೆಗಲ ಮೇಲೆ ಹೊತ್ತು ನಡೆದುಬಿಟ್ಟ. ದಾರಿಯಲ್ಲಿ ಒಬ್ಬ ರೈತ ಚಕ್ಕಡಿ ನಿಲ್ಲಿಸಿ, ರುಮಾಲು ತೆಗೆದು, ಹೆಣಕ್ಕೆ ಕೈಮುಗಿದನಂತೆ. ಅಪ್ಪನಿಗೆ ಏನು ಹೇಳಬೇಕೋ ತೋಚದೆ ತಾನೂ ಗಂಭೀರವಾಗಿ ತಲೆ ಬಾಗಿಸಿದನಂತೆ. ಈಗ ಗುಡ್ಡವ್ವ ಹೊಸ ಹತ್ತಿ ತುಂಬಿಕೊಂಡು ಎಷ್ಟು ದಪ್ಪಗಾಗಿದ್ದಾಳೆಂದರೆ ಯಾವ ಚಾದರವೂ ಅವಳಿಗೆ ಸಾಲುತ್ತಿಲ್ಲ. ನಮ್ಮ ಅಪ್ಪನ ಕೈ ಧಾರಾಳ, ಅದು ನಿನಗೆ ಗೊತ್ತಲ್ಲ.

ನಗುತ್ತಿದ್ದೀಯಲ್ಲವೇ? ಆ ವಾರ ನಮಗೆ ನಗು ಬರುತ್ತಿರಲಿಲ್ಲ. ಸೋಮವಾರದಿಂದ ಹೆಣ್ಣುಮಕ್ಕಳ ವಾರ್ಡು ಎಂದು ಹೇಳಿದ್ದರು. ಆ ಸೋಮವಾರ ಹತ್ತಿರ ಬಂದಂತೆ ಒಬ್ಬೊಬ್ಬಳಿಗೆ ಒಂದೊಂದು ಹತ್ತಿಕೊಂಡಿತು. ಲಕಮನಹಳ್ಳಿಯವಳು ಕಸ ಗುಡಿಸುತ್ತಲೂ ಎಲುಬುಗಳ ಹೆಸರು ಪಠಿಸುತ್ತಿದ್ದಳು, ದೇವರ ಸಹಸ್ರನಾಮದ ಹಾಗೆ. ಮಗ್ಗುಲ ಕೋಣೆಯವಳಿಗೆ ಊಟ ಸೇರದಾಯಿತು. ಇನ್ನೊಬ್ಬಳಿಗೆ ಊಟ ಬಿಟ್ಟು ಬೇರೇನೂ ಸೇರದಾಯಿತು, ನನ್ನ ರೊಟ್ಟಿಯನ್ನೂ ಅವಳೇ ತಿಂದಳು. ನಾನು ಏನು ಮಾಡಿದೆ? ಇದ್ದ ಎರಡು ಸಮವಸ್ತ್ರಗಳನ್ನು ಒಗೆದೆ, ಒಣಗಿಸಿದೆ, ಮತ್ತೆ ಒಗೆದೆ. ನೀನು ಇದ್ದಿದ್ದರೆ ಏನಾದರೂ ಗುನುಗುತ್ತಿದ್ದೆ, ನಮಗೆಲ್ಲ ನಿದ್ದೆಯಾದರೂ ಬರುತ್ತಿತ್ತು.

ರವಿವಾರ ಸಂಜೆ ಗೋದಾಬಾಯಿಯವರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಒಬ್ಬೊಬ್ಬರ ಕೈ ಮುಟ್ಟಿ ನೋಡಿದರು. ಎಲ್ಲರ ಕೈಯೂ ತಣ್ಣಗೆ. ಬೈಯುತ್ತಾರೆಂದುಕೊಂಡೆವು. ಬೈಯಲಿಲ್ಲ. "ಅಂಜಿಕಿ ಬರೂದ ಛಲೋನ. ಅಂಜಿಕಿ ಇಲ್ಲದಾಕಿ ಕೈಯಾಗ ನಾ ರೋಗಿನ್ನ ಕೊಡೂದಿಲ್ಲ. ಆದ್ರ ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲೀಬ್ಯಾಡ್ರಿ. ಆಗದ ನೋವಿಗೆ ಈಗ ಯಾಕ ಅಳ್ತೀರಿ?" ಎಂದರು. ಆಮೇಲೆ ಹೇಳಿದರು: "ನಾಳಿ ವಾರ್ಡಿಗೆ ಹೋಗೂಮುಂದ ಬೋಗಾಣಿಯೊಳಗಿನ ಬಿಸಿ ನೀರಾಗ ಕೈ ಇಟ್ಟುಕೊಂಡು ನಿಂದರ್ರಿ. ಕೈ ಬೆಚ್ಚಗಾದ್ರ ಅರ್ಧಾ ಅಂಜಿಕಿ ಹೋಗ್ತದ. ತಣ್ಣಗಿನ ಕೈ ಮುಟ್ಟಿದ್ರ ರೋಗಿ ಬೆಚ್ಚಿಬೀಳ್ತಾರ." ಅವರ ದನಿ ಅಷ್ಟು ಮೆತ್ತಗಿರುವುದು ನಮಗಾರಿಗೂ ಗೊತ್ತಿರಲಿಲ್ಲ. ಮರುದಿನ ಮುಂಜಾನೆ ಎಲ್ಲರೂ ಬೋಗಾಣಿಯ ಸುತ್ತ ಕೈ ಇಳಿಬಿಟ್ಟು ನಿಂತೆವು. ನನಗೆ ಖರೇನೇ ಸ್ವಲ್ಪ ಸಮಾಧಾನವಾಯಿತು.

ನನ್ನ ಪಾಲಿಗೆ ಬಂದವರು ಗೋಪನಕೊಪ್ಪದ ರೆಹಮತ್‌ಬಿ. ವಯಸ್ಸಾದ ಜೀವ, ಹಲ್ಲಿಲ್ಲ, ಆದರೆ ಬಾಯಿ ಜೋರು. ಕೋಳಿ ಹಿಡಿಯಲು ಹೋಗಿ ಕಟ್ಟೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಕಾಲಿಗೆ ಹಲಗೆ ಕಟ್ಟಿ ಮಲಗಿಸಿದ್ದಾರೆ, ಏಳುವಂತಿಲ್ಲ. ನನ್ನ ಕೆಲಸ ಅವರಿಗೆ ಹಾಸಿಗೆಯಲ್ಲೇ ಮೈ ತೊಳೆಸುವುದು. ಗುಡ್ಡವ್ವನಿಗೆ ನಾವು ಎಷ್ಟು ಸಲ ಮಾಡಿಲ್ಲ! ಚಾದರ ಹೊದಿಸುವುದು, ಒಂದೊಂದೇ ಅಂಗ ತೆರೆಯುವುದು, ತೊಳೆಯುವುದು, ಒರೆಸುವುದು, ಮುಚ್ಚುವುದು. ಇಷ್ಟೇ ಅಲ್ಲವೇ?

ಇಷ್ಟೇ. ಆದರೆ ಆ ಮುದುಕಿಯ ಮೈ ಕಂಡದ್ದೇ ತಡ, ಗೋದಾಬಾಯಿಯವರು ಕಲಿಸಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಕೈ ಮಾತ್ರ ತನಗೆ ಮೊದಲೇ ಗೊತ್ತಿದ್ದ ದಾರಿ ಹಿಡಿಯಿತು.

ಆ ದಾರಿ ಯಾವುದೆಂದು ನಿನಗೆ ಹೇಳಬೇಕು, ನಿಮ್ಮಲ್ಲಿ ಬೇರೆ ಪದ್ಧತಿ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಒಯ್ಯುವ ಮೊದಲು ಕಡೆಯ ಸ್ನಾನ ಮಾಡಿಸುತ್ತಾರೆ. ಅದಕ್ಕೆ ಗುಸಲ್ ಎನ್ನುತ್ತಾರೆ. ಹೆಂಗಸರಿಗೆ ಹೆಂಗಸರೇ ಮಾಡಿಸಬೇಕು. ನಮ್ಮ ಓಣಿಯಲ್ಲಿ ಆ ಕೆಲಸಕ್ಕೆ ಎಲ್ಲರೂ ಕರೆಯುವುದು ನನ್ನ ಸಣ್ಣವ್ವ ಕರೀಮಾಬಿಯನ್ನು. ಮೈ ಮೇಲೆ ಚಾದರ ಇರುತ್ತದೆ, ಕೈಗೆ ಅರಿವೆ ಸುತ್ತಿಕೊಂಡಿರುತ್ತಾರೆ, ಬಲಗಡೆಯನ್ನು ಮೊದಲು ತೊಳೆಯುತ್ತಾರೆ, ಮೂರು ಮೂರು ಸಲ ನೀರು ಹಾಕುತ್ತಾರೆ, ಬೇಡದ ಮಾತು ಆಡುವುದಿಲ್ಲ. ನಾನೂ ಒಮ್ಮೆ ಸಣ್ಣವ್ವನ ಪಕ್ಕದಲ್ಲಿ ನಿಂತು ಮಾಡಿದ್ದೇನೆ. ಒಂದೇ ಸಲ, ಆದರೆ ಕೈ ಮರೆತಿರಲಿಲ್ಲ.

ಹೀಗಾಗಿ ನಾನು ತುಟಿ ಬಿಚ್ಚದೆ ರೆಹಮತ್‌ಬಿಯವರ ಬಲಗೈಯನ್ನು ತೊಳೆದೆ, ಮೂರು ಸಲ. ಬಲ ಮಗ್ಗುಲು ಒರೆಸಿದೆ, ಮೂರು ಸಲ. ಅವರು ಮೊದಮೊದಲು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಜೀವ ಹೋಗುವ ಹೊತ್ತಿಗೂ ನಮ್ಮವರು ನೆನೆಯುವ ಕಲಿಮಾವನ್ನು ಪಿಸುದನಿಯಲ್ಲಿ ಓದತೊಡಗಿದರು. ಹಾಯೆನಿಸಿ ದೇವರನ್ನು ನೆನೆಯುತ್ತಿದ್ದಾರೆ ಎಂದು ನಾನು ತಿಳಿದೆ, ನನ್ನ ಕೈಗುಣಕ್ಕೆ ನಾನೇ ಹಿಗ್ಗಿದೆ! ಎಡಗಡೆಯೂ ಮುಗಿಯಿತು. ಅವರ ಎರಡೂ ಕೈಗಳನ್ನು ನೆಟ್ಟಗೆ ಮಾಡಿದೆ, ಚಾದರದ ಸುಕ್ಕು ತೆಗೆದೆ, ಮೇಲೆ ಎಳೆದೆ. ಗದ್ದ ದಾಟಿ, ಬಾಯಿ ದಾಟಿ, ಮೂಗಿನ ತನಕ ಎಳೆದಿದ್ದೆ. ಚಾದರದೊಳಗಿನಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ಯವ್ವಾ, ಡಾಕ್ಟರ್ ನಿನ್ನ ಮುಂದ ಏನರ ಹೇಳ್ಯಾರೇನ? ನಾ ಉಳಿಯಾಂಗಿಲ್ಲಂತನ?"

"ಇಲ್ರೀ ಅಮ್ಮಾ..." ಎಂದೆ, ಅದೂ ಅರ್ಧ.

"ಮತ್ತ ಯಾಕವಾ ನನಗ ಗುಸಲ್ ಮಾಡಸಾಕತ್ತಿ? ಬಲಗೈ ಮೊದಲ, ಮೂರ ಸಲ ನೀರು, ಬಾಯಾಗ ಒಂದ ಮಾತಿಲ್ಲ. ಈಗ ಮಾರಿ ಮ್ಯಾಲ ಅರಿವಿ! ನಾ ಇನ್ನೂ ಉಸರಾಡಾಕತ್ತೇನಿ ನೋಡ, ಮೂಗಿಗೆ ಬೆರಳ ಹಚ್ಚಿ ನೋಡ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಭೂಮಿ ಬಾಯ್ದೆರೆದು ನುಂಗಬಾರದೇ ಎನಿಸಿತು. ಬೋಗಾಣಿಯಲ್ಲಿ ಅಷ್ಟು ಹೊತ್ತು ಬೆಚ್ಚಗೆ ಮಾಡಿಕೊಂಡ ಕೈ ಮಂಜಿನ ಹಾಗೆ ತಣ್ಣಗಾಯಿತು. ಓಡಿಹೋಗಬೇಕು, ಟ್ರಂಕು ಕಟ್ಟಿಕೊಂಡು ನೇರ ಬೈರಿದೇವರಕೊಪ್ಪಕ್ಕೆ ಹೋಗಿಬಿಡಬೇಕು ಎಂದುಕೊಂಡೆ. ನೀನು ಕಾರ್ಡಿನಲ್ಲಿ ಬರೆದದ್ದೇ ನೆನಪಾಯಿತು. ಆದರೆ ಮುದುಕಿ ಮಣಿಕಟ್ಟು ಬಿಟ್ಟರಲ್ಲವೇ ಓಡುವುದು!

"ಯಾರ ಮಗಳ ನೀ?" ಎಂದು ಕೇಳಿದರು.

"ಬೈರಿದೇವರಕೊಪ್ಪದ ಪಿಂಜಾರ ಬಡೇಸಾಬರ ಮಗಳ್ರೀ."

"ಕರೀಮಾಬಿ ನಿನಗೇನಾಗಬೇಕು?"

"ಸಣ್ಣವ್ವ ಆಗಬೇಕ್ರಿ."

"ಹಂಗನ್ನು! ಅದಕ್ಕ ಈ ಕೈ ಗುರತ ಸಿಕ್ಕಿತು. ನಮ್ಮತ್ತಿ ಮಣ್ಣಿಗೆ ಹೋಗುಮುಂದ ಆಕೀನ ನೀರು ಹಾಕಿದ್ಲು. ಭಾಳ ಮೆತ್ತಗಿನ ಕೈ. ನಿನ್ನ ಕೈನೂ ಛಲೋ ಐತಿ ಮಗಳ, ಒಂಚೂರೂ ನೋಯಿಸಲಿಲ್ಲ. ಆದ್ರ ಸತ್ತವರನ್ನ ಸುಮ್ಮನ ತೊಳೀತಾರ. ಇದ್ದವರನ್ನ ಮಾತಾಡಿಸಿಕೋಂತ ತೊಳೀಬೇಕು. ಹೋಗು, ಬ್ಯಾರೆ ನೀರು ತೊಗೊಂಡ ಬಾ. ಎಡಗಡಿಯಿಂದ ಶುರು ಮಾಡು!"

ಬೇರೆ ನೀರು ತಂದೆ. ಎಡಗೈ ಹಿಡಿದುಕೊಂಡೆ. ಏನು ಮಾತಾಡಬೇಕು? ಅವರು ಪರೀಕ್ಷೆಯ ಮಾಸ್ತರರ ಹಾಗೆ ಕಾಯುತ್ತಿದ್ದರು. ಕಡೆಗೆ ಬಾಯಿಗೆ ಬಂದದ್ದು ಒಂದೇ ಮಾತು: "ನೀರು ಸುಡತಾವೇನ್ರಿ?"

"ಇಲ್ಲವಾ, ಛಲೋ ಅದಾವ. ಹಾಕು" ಎಂದರು ರೆಹಮತ್‌ಬಿ.

ಅಷ್ಟೇ, ಮೃಣಾಲಿ. ಅಲ್ಲಿಂದ ಮುಂದೆ ಅವರೇ ಮಾತಾಡಿದರು. ಕೋಳಿಯ ಕಥೆ, ಸೊಸೆಯ ಕಥೆ, ಮತ್ತೆ ಕೋಳಿಯ ಕಥೆ. ನಡುನಡುವೆ ನಾನು "ಹೌದ್ರಿ" ಎನ್ನುತ್ತ ತೊಳೆದೆ. ಮುಗಿಸಿ ಬೋಗಾಣಿ ಎತ್ತಿಕೊಂಡು ಹೊರಗೆ ಹೋದವಳು ನಳದ ಹತ್ತಿರ ಬಹಳ ಹೊತ್ತು ಮುಖ ತೊಳೆಯುತ್ತ ನಿಂತೆ. ಕಣ್ಣು ಯಾಕೆ ಕೆಂಪಗೆ ಎಂದು ಕೇಳಿದವರಿಗೆ ಸಾಬೂನು ಹೋಯಿತು ಎಂದೆ.

ಈಗ ನಿನಗೆ ಸಂಬಂಧಪಟ್ಟ ಮಾತು. ಗೋದಾಬಾಯಿಯವರು ವಾರ್ಡಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಸಂಜೆ ಕರೆಸಿದರು. ನನ್ನ ಕಥೆ ಮುಗಿಯಿತು ಎಂದುಕೊಂಡು ಹೋದೆ. ಅವರು ಗುಡ್ಡವ್ವನ ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. "ತಪ್ಪು ನಿಂದಲ್ಲ. ಗೊಂಬಿ ಜೋಡಿ ಮಾತಾಡ್ರಿ ಅಂತ ನಾ ಯಾರಿಗೂ ಕಲಿಸಲಿಲ್ಲ. ಮೃಣಾಲಿನಿ ಒಬ್ಬಾಕಿ ತಾನಾಗೇ ಮಾತಾಡ್ತಿದ್ಲು. ನಾವೆಲ್ಲಾ ಹುಚ್ಚಿ ಅಂತ ನಕ್ವಿ, ನಾನೂ ನಕ್ಕೆ" ಎಂದರು. ಗುಡ್ಡವ್ವನ ಚಾದರ ಸರಿಮಾಡುತ್ತ, "ಆಕೀನ ಓಡಿಹೋಗಬೇಕಾ?" ಎಂದರು.

ನೆನಪಾಯಿತೇ? ಗುಡ್ಡವ್ವನ ತೋಳಿಗೆ ಪಟ್ಟಿ ಸುತ್ತುವಾಗ ನೀನು "ಬಿಗಿ ಆತೇನ್ರಿ ಗುಡ್ಡವ್ವಾ? ಸಡ್ಲ ಮಾಡ್ಲೇನ್ರಿ?" ಎಂದು ಕೇಳುತ್ತಿದ್ದೆ. ಸೂಜಿ ಚುಚ್ಚುವ ಮೊದಲು "ಒಂದು ಗಳಿಗಿ ತಡ್ಕೊಳ್ರಿ" ಎನ್ನುತ್ತಿದ್ದೆ. ಅರಿವೆಯ ಗೊಂಬೆಗೆ ಆಗುವ ನೋವನ್ನು ಕೇಳುತ್ತಿದ್ದವಳು ನೀನು. ಮನುಷ್ಯರಿಗೆ ನೋವಾದರೆ ತಡೆಯಲಾರೆ ಎಂದು ಓಡಿಹೋದವಳೂ ನೀನೇ. ನಿನ್ನ ಅಂಜಿಕೆಗೂ ನಿನ್ನ ಜಾಣತನಕ್ಕೂ ಬೇರು ಒಂದೇ ಎಂದು ನನಗೆ ಅನಿಸುತ್ತದೆ. ಒಂದನ್ನು ಕಿತ್ತರೆ ಇನ್ನೊಂದೂ ಬರುತ್ತದೆ. ಅದಕ್ಕೇ ಅಂಜಿಕೆ ಹೋದ ಮೇಲೆ ಬರುತ್ತೇನೆ ಎಂದು ಕೂರಬೇಡ, ಅದನ್ನು ಕಟ್ಟಿಕೊಂಡೇ ಬಾ. ಇಲ್ಲಿ ಬೋಗಾಣಿ ಇದೆ, ಬಿಸಿ ನೀರೂ ಇದೆ.

ನೋವಾಗುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಗುರುವಾರ ಒಬ್ಬ ಹೆಂಗಸಿನ ಹುಣ್ಣಿನ ಪಟ್ಟಿ ಬಿಚ್ಚುವಾಗ ಆಕೆ ಕೂಗಿಕೊಂಡಳು. ನಾನೂ ಆಕೆಯ ಜೊತೆ ಕೂಗಿದೆನೋ ಏನೋ. ಆದರೆ ಆಕೆ ನಿಲ್ಲಿಸು ಎಂದಳು, ನಿಲ್ಲಿಸಿದೆ. ಪಟ್ಟಿಗೆ ನೀರು ಹಚ್ಚಿ ನೆನೆಸಿದೆ. ಹೂಂ ಎಂದಳು, ಮತ್ತೆ ಬಿಚ್ಚಿದೆ. ಮನುಷ್ಯರು ಗೊಂಬೆಗಿಂತ ಮೇಲು, ನೋವಾದರೆ ಹೇಳುತ್ತಾರೆ.

ಈಗ ಗುಡ್ಡವ್ವನನ್ನು ಎಲ್ಲರೂ ಮಾತಾಡಿಸುವುದು ಕಾಯಿದೆಯಾಗಿದೆ. ಮುಂಜಾನೆ ಪಾಠದ ಕೋಣೆಗೆ ಕಾಲಿಟ್ಟರೆ ಸಂತೆಯ ಗದ್ದಲ. "ಆರಾಮ ಅದೀರೇನ್ರಿ ಗುಡ್ಡವ್ವಾ, ನಿದ್ದಿ ಹತ್ತಿತ್ತೇನ್ರಿ ಗುಡ್ಡವ್ವಾ." ಲಕಮನಹಳ್ಳಿಯವಳಂತೂ ತನ್ನ ಮದುವೆಯ ಮಾತುಕತೆಯ ಸುದ್ದಿಯನ್ನು ಮೊದಲು ಅವಳಿಗೇ ಹೇಳಿದ್ದಾಳೆ. ರೆಹಮತ್‌ಬಿಯವರು ದಿನಾ ನನ್ನನ್ನೇ ಕೇಳುತ್ತಾರೆ, "ಎಲ್ಲಿ ನನ್ನ ಜನಾಜದ ಹುಡುಗಿ?" ಎಂದು ಕೂಗುತ್ತಾರೆ. ಜನಾಜ ಎಂದರೆ ಶವಯಾತ್ರೆ. ವಾರ್ಡಿನಲ್ಲಿ ನನಗೆ ಈಗ ಅದೇ ಹೆಸರು. ನೀನು ಬಂದರೆ ನಿನಗೂ ಒಂದು ಹೆಸರು ಹುಡುಕುತ್ತಾರೆ, ಹೆದರಬೇಡ.

ನಿಮ್ಮ ತಂದೆಯವರಿಗೆ, ತಾಯಿಯವರಿಗೆ ನನ್ನ ಸಲಾಮು ತಿಳಿಸು. ನಿನ್ನ ಅಣ್ಣ ರಮಾಕಾಂತರು "ಹುಡುಗಿ ಮನ್ಯಾಗ ಇರ್ಲಿ ಬಿಡ್ರಿ" ಎನ್ನುತ್ತಿದ್ದಾರೆ ಎಂದು ನೀನು ಬರೆದಿದ್ದೆ. ಅವರಿಗೂ ಸಲಾಮು, ಆದರೆ ಸ್ವಲ್ಪ ಕಡಿಮೆ. ನಿನಗಿಂತ ಎರಡು ವರ್ಷ ದೊಡ್ಡವಳೆಂಬ ಹಕ್ಕಿನಿಂದ ನಿನ್ನ ತಲೆಯ ಮೇಲೆ ಕೈ ಇಟ್ಟು ಹರಸುತ್ತೇನೆ: ನಿನ್ನ ಕೈ ಬೆಚ್ಚಗಿರಲಿ, ನಿನ್ನ ಬಾಯಿ ಎಂದೂ ಸುಮ್ಮನಾಗದಿರಲಿ, ಮುಂಜಾನೆಯ ಗಾಡಿ ನಿನಗೆ ತಪ್ಪದಿರಲಿ. ಬರುವಾಗ ಉಂಡಿ ಮರೆಯಬೇಡ.

ನಿನ್ನ ಹಾದಿ ನೋಡುತ್ತಿರುವ,
ದಾವಲಿ

ತಾ.ಕ.: ಲಕೋಟೆಗೆ ಅಂಟು ಹಚ್ಚಲು ಕೂತೆ, ಮನಸ್ಸು ಬರಲಿಲ್ಲ. ಗುಡ್ಡವ್ವನನ್ನು ಮುಟ್ಟುವಾಗ ನಾನು ಯಾಕೆ ಮೂಕಿಯಾಗುತ್ತೇನೆ ಎಂದು ನೀನು ಎಷ್ಟು ಸಲ ಕಾಡಿದ್ದೀ. ಅಕ್ಕ ತಂಗಿ ಇಲ್ಲವೇ ಎಂದು ನೀನು ಕೇಳಿದಾಗ ನಾನು "ಅಕ್ಕ ಇದ್ದಳು" ಎಂದಷ್ಟೇ ಹೇಳಿ ಮಾತು ಹೊರಳಿಸಿದ್ದೆ. ನಾನು ಸಣ್ಣವ್ವನ ಪಕ್ಕದಲ್ಲಿ ನಿಂತು ತೊಳೆದ ಆ ಒಂದೇ ಮೈ ನನ್ನ ಅಕ್ಕ ಶಹಜಹಾನಳದು. ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಸೂಲಗಿತ್ತಿಯ ಕೈಮೀರಿದ ಮೇಲೆ ಆಸ್ಪತ್ರೆಗೆ ಒಯ್ಯೋಣ ಎಂದ ಅಪ್ಪ, ಗಂಡಸು ಡಾಕ್ಟರ ಕೈಗೆ ಕೊಡುವುದಿಲ್ಲ ಎಂದರು ಅವಳ ಅತ್ತೆಯ ಮನೆಯವರು. ಮಾತು ಬಗೆಹರಿಯುವುದರೊಳಗೆ ಅಕ್ಕನೂ ಹೋದಳು, ಕೂಸೂ ಹೋಯಿತು. ಅಪ್ಪ ನನ್ನನ್ನು ಇಲ್ಲಿಗೆ ಸೇರಿಸಿದ್ದು ಅದಕ್ಕೇ.

ಅವ್ವನಿಗೆ ನಿಲ್ಲಲು ಆಗಲಿಲ್ಲ. ಸಣ್ಣವ್ವನ ಜೊತೆಗೆ ನಾನು ನಿಂತೆ. ಅಕ್ಕನಿಗೆ ಬಿಸಿ ನೀರೆಂದರೆ ಆಗುತ್ತಿರಲಿಲ್ಲ, ಮೊದಲಿನಿಂದಲೂ ಹಾಗೆ, ಬಚ್ಚಲಲ್ಲಿ ಜಗಳ ತೆಗೆಯುತ್ತಿದ್ದಳು. ಅವಳ ಬಲಗೈ ಎತ್ತಿ ಹಿಡಿದು ತಂಬಿಗೆ ಬಗ್ಗಿಸುವಾಗ ನನಗೆ ಗೊತ್ತಿಲ್ಲದೆಯೇ ಕೇಳಿಬಿಟ್ಟೆ: "ನೀರು ಸುಡತಾವೇನಕ್ಕಾ?" ಸಣ್ಣವ್ವ ನನ್ನ ಬಾಯಿಯ ಮೇಲೆ ಒದ್ದೆ ಕೈ ಇಟ್ಟಳು. "ಮಾತಾಡಿಸಬ್ಯಾಡ ನನ್ನವ್ವಾ. ಆಕಿ ಇನ್ನ ಹೇಳೂದಿಲ್ಲ" ಎಂದಳು. ಅಂದಿನಿಂದ ಅಲುಗದೆ ಮಲಗಿದ ಯಾರ ಮೈ ಮುಟ್ಟಿದರೂ ಆ ಒದ್ದೆ ಕೈ ನನ್ನ ಬಾಯಿಯ ಮೇಲೆ ಬಂದು ಕೂಡುತ್ತಿತ್ತು.

ಸೋಮವಾರ ಮುಂಜಾನೆ ಅದೇ ಮಾತು ಕೇಳಿದೆ, ಮೃಣಾಲಿ. ಇಲ್ಲವಾ, ಛಲೋ ಅದಾವ, ಹಾಕು ಎಂದು ಉತ್ತರ ಬಂತು. ನನ್ನ ಕಣ್ಣಿಗೆ ಸಾಬೂನು ಹೋಗಿರಲಿಲ್ಲ.